ಚೀನೀ ಮೂಲಿಕೆ ಗ್ರಾನ್ಯೂಲ್‌ಗಳಲ್ಲಿ ಪರಿಮಳ ನಷ್ಟ: ದೋಷ ಪತ್ತೆ ಮತ್ತು ನಿವಾರಣೆಯ ಕೈಪಿಡಿ

ಚೀನೀ ಸಾಂಪ್ರದಾಯಿಕ ವೈದ್ಯದಲ್ಲಿ ಜ್ವರ, ನೆಗಡಿ, ಗಂಟಲು ನೋವಿಗೆ ಕೊಡುವ ಬೋಹೆ ಎಂಬ ಪುದೀನ ಜಾತಿಯ ಮೂಲಿಕೆಯನ್ನು ಕಾರ್ಖಾನೆಯಲ್ಲಿ ಕುದಿಸಿ, ಸಾಂದ್ರಗೊಳಿಸಿ, ಒಣಗಿಸಿ ಗ್ರಾನ್ಯೂಲ್, ಅಂದರೆ ನೀರಿನಲ್ಲಿ ಕರಗುವ ಸಣ್ಣ ಹರಳು, ಮಾಡಿದಾಗ ಹಲವು ಬಾರಿ ಹೀಗಾಗುತ್ತದೆ: ಪೊಟ್ಟಣ ಒಡೆದು ಬಿಸಿನೀರಿಗೆ ಹಾಕಿದರೆ ಕಹಿ, ಒಗರು, ಬಣ್ಣ ಎಲ್ಲವೂ ಬರುತ್ತವೆ, ಮೂಗಿಗೆ ತಟ್ಟಬೇಕಾದ ತಂಪು ಮಾತ್ರ ಬರುವುದಿಲ್ಲ. ಪ್ರಯೋಗಾಲಯದ ವರದಿಯೂ ಇದನ್ನೇ ಹೇಳುತ್ತದೆ. ನೀರಿನಲ್ಲಿ ಕರಗುವ, ಆವಿಯಾಗದ ಘಟಕಗಳು ಮಿತಿಯೊಳಗೆ ಇರುತ್ತವೆ, ತಂಪು ಕೊಡುವ ಮೆಂಥಾಲ್‌ನ ಶಿಖರ (ಪರೀಕ್ಷೆಯ ನಕ್ಷೆಯಲ್ಲಿ ಅದನ್ನು ತೋರಿಸುವ ಏರು) ಕಾಣೆಯಾಗಿರುತ್ತದೆ ಅಥವಾ ಗುರುತಿಗೆ ಸಿಗದಷ್ಟು ಕುಗ್ಗಿರುತ್ತದೆ. ಪಚ್ಚೆತೆನೆ, ದಾಲ್ಚಿನ್ನಿ ರೆಂಬೆ, ಏಲಕ್ಕಿಯ ಬಳಗಕ್ಕೆ ಸೇರಿದ ಶಾರೆನ್, ಲವಂಗ, ಡಾಂಗ್‌ಗುಯಿ ಬೇರು ಇವುಗಳ ಗ್ರಾನ್ಯೂಲ್‌ಗಳಲ್ಲೂ ಇದೇ ದೂರು ಕೇಳಿಬರುತ್ತದೆ.

ಜಪಾನಿನಲ್ಲಿ 1976ರಲ್ಲಿ ಕಾಂಪೊ (ಚೀನೀ ಮೂಲದ ಜಪಾನೀ ಮೂಲಿಕಾ ವೈದ್ಯ) ಸಾರಗಳು ರಾಷ್ಟ್ರೀಯ ಆರೋಗ್ಯ ವಿಮೆಯೊಳಗೆ ದೊಡ್ಡ ಪ್ರಮಾಣದಲ್ಲಿ ಸೇರಿದವು. ಚೀನಾದಲ್ಲಿ 1990ರ ದಶಕದಿಂದ ಪ್ರಾಯೋಗಿಕವಾಗಿ ತಯಾರಾಗುತ್ತಿದ್ದ ಒಂಟಿ ಮೂಲಿಕೆಯ ಗ್ರಾನ್ಯೂಲ್‌ಗಳು 2021ರ ನವೆಂಬರ್ 1ರಿಂದ ರಾಷ್ಟ್ರೀಯ ಮಾನದಂಡದ ಅಡಿಗೆ ಬಂದವು. ಮಡಕೆಯಲ್ಲಿ ಕಷಾಯ ಕಾಯಿಸಿಕೊಳ್ಳುವ ವ್ಯವಧಾನವಿಲ್ಲದ ರೋಗಿಗೆ ಇವು ನಿಜವಾದ ಅನುಕೂಲ. ಆದ್ದರಿಂದಲೇ ಪರಿಮಳದ ನಷ್ಟವನ್ನು ರುಚಿಯ ಕೊರತೆ ಎಂದು ಬದಿಗೆ ಸರಿಸಬಾರದು. ಈ ಮೂಲಿಕೆಗಳಲ್ಲಿ ಪರಿಮಳವೇ ಮದ್ದಿನ ಒಂದು ಭಾಗ.

ಇದು ದೋಷವೇ ಎಂಬುದನ್ನು ಮೊದಲು ತೀರ್ಮಾನಿಸಬೇಕು

ಪರಿಮಳ ಕಡಿಮೆಯಾಗಿದೆ ಎಂದ ಕೂಡಲೇ ಯಂತ್ರಗಳ ಕಡೆಗೆ ಓಡಬಾರದು. ಯಾವುದಕ್ಕಿಂತ ಕಡಿಮೆ ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕು. ಚೀನಾದ ಮಾನದಂಡವು ಗ್ರಾನ್ಯೂಲನ್ನು ಹಸಿ ಮೂಲಿಕೆಯೊಂದಿಗೆ ಹೋಲಿಸುವುದಿಲ್ಲ. ಸಾಂಪ್ರದಾಯಿಕ ವಿಧಾನದಲ್ಲೇ ಕಾಯಿಸಿದ ಪ್ರಮಾಣಿತ ಕಷಾಯದೊಂದಿಗೆ ಹೋಲಿಸುತ್ತದೆ. ಮಡಕೆಯ ಕಷಾಯವೂ ಪರಿಮಳ ಕೊಡುವ ತನ್ನ ತೈಲದ ಒಂದಷ್ಟು ಭಾಗವನ್ನು ಕಳೆದುಕೊಂಡೇ ಇರುತ್ತದೆ. ಆ ನಷ್ಟ ಮಿತಿ ಮೀರಬಾರದೆಂದೇ ಹಳೆಯ ವೈದ್ಯರು ಬೋಹೆ, ಶಾರೆನ್ ಮುಂತಾದವನ್ನು ಕೊನೆಗೆ, ಒಲೆಯಿಂದ ಇಳಿಸುವ ಕೆಲವೇ ನಿಮಿಷಗಳ ಮೊದಲು ಹಾಕಬೇಕೆಂದು ವಿಧಿಸಿದ್ದರು. ಚಿಂಗ್ ರಾಜವಂಶದ ಕಾಲದ ವೈದ್ಯ ವು ಜುಟಾಂಗ್ ಬೋಹೆಯೂ ಸೇರಿದ ತನ್ನ ಯಿನ್‌ಚಿಯಾವೊ ಎಂಬ ಮದ್ದಿನ ಪುಡಿಯನ್ನು ಕುದಿಸುವಾಗ ಗಡಿಯಾರವನ್ನು ನಂಬಲಿಲ್ಲ: ಘಮ ಜೋರಾಗಿ ಎದ್ದ ಕ್ಷಣವೇ ಇಳಿಸಬೇಕು, ಹೆಚ್ಚು ಕುದಿಸಬಾರದು ಎಂಬುದು ಅವನ ಸೂಚನೆ. ಆದ್ದರಿಂದ ಬೋಹೆಯ ಪ್ರಮಾಣಿತ ಕಷಾಯವನ್ನು ತಯಾರಿಸುವಾಗಲೇ ಅದನ್ನು ಇತರ ಮೂಲಿಕೆಗಳಂತೆ ಎರಡೆರಡು ಬಾರಿ ದೀರ್ಘಕಾಲ ಕುದಿಸಿದ್ದರೆ ಹೋಲಿಕೆಯ ಅಳತೆಗೋಲೇ ತಪ್ಪಾಗಿರುತ್ತದೆ. ಅಂಥ ಅಳತೆಗೋಲಿಗೆ ಸರಿಹೊಂದಿದ ಗ್ರಾನ್ಯೂಲ್ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ, ರೋಗಿಯ ಲೋಟದಲ್ಲಿ ಸೋಲುತ್ತದೆ.

ಇನ್ನು ಕೆಲವು ಮೂಲಿಕೆಗಳಲ್ಲಿ ತೈಲ ಕಡಿಮೆಯಾಗುವುದು ಬೇಕಾಗಿಯೇ ಮಾಡಿದ ಕೆಲಸ. ಚೀನೀ ವೈದ್ಯರು ಹಳೆಯದಾದಷ್ಟೂ ಒಳ್ಳೆಯದೆಂದು ಎಣಿಸುವ ಆರು ಮದ್ದುಗಳಲ್ಲಿ ಕಿತ್ತಳೆ ಸಿಪ್ಪೆಯ ಚೆನ್‌ಪಿಯೂ ಒಂದು. ಹಸಿ ಸಿಪ್ಪೆಯ ಚುರುಕು ಘಾಟು ಅದರಲ್ಲಿ ಉಳಿಯಬೇಕಾಗಿಲ್ಲ. ಚಾಂಗ್‌ಝು ಗೆಡ್ಡೆಯನ್ನು ತೌಡಿನೊಂದಿಗೆ ಹುರಿಯುವುದು ಅದರ ಒಣಗಿಸುವ ಗುಣವನ್ನು ತಗ್ಗಿಸಲು. ತೈಲದ ಒಂದು ಪಾಲು ಆಗಲೇ ಹೋಗುತ್ತದೆ, ಹೋಗಲೇಬೇಕು. ಶೀಶಿನ್ ಎಂಬ ಬೇರಿನ ವಿಷಯದಲ್ಲಂತೂ ವಿಶೇಷ ಎಚ್ಚರ ಅಗತ್ಯ. ಅದರ ತೈಲದಲ್ಲಿ ಸ್ಯಾಫ್ರೋಲ್ ಎಂಬ ಹಾನಿಕಾರಕ ಘಟಕವಿದ್ದು, ಕುದಿಸಿದಾಗ ಅದು ಹೆಚ್ಚಿನ ಮಟ್ಟಿಗೆ ಹಾರಿಹೋಗುತ್ತದೆ. ಶೀಶಿನ್ ಪುಡಿಯ ಪ್ರಮಾಣ ಒಂದು ಚಿಯಾನ್ ತೂಕವನ್ನು, ಅಂದರೆ ಸುಮಾರು 3 ಗ್ರಾಂ ಅನ್ನು, ಮೀರಬಾರದೆಂಬ ಹಳೆಯ ನಿಯಮವಿರುವುದು ಇದೇ ಮೂಲಿಕೆಗೆ. ಪರಿಮಳ ಉಳಿಸುವ ಉತ್ಸಾಹದಲ್ಲಿ ಶೀಶಿನ್ ತೈಲವನ್ನು ಹಿಡಿದು ಗ್ರಾನ್ಯೂಲಿಗೆ ಮರಳಿ ಸೇರಿಸಿದರೆ, ಕಷಾಯದಲ್ಲಿ ಇರದಿದ್ದ ಅಪಾಯವನ್ನು ರೋಗಿಗೆ ಕೊಟ್ಟಂತಾಗುತ್ತದೆ. ಈ ಕೈಪಿಡಿಯ ಯಾವ ಪರಿಹಾರವನ್ನೂ ಶೀಶಿನ್‌ಗೆ ಅನ್ವಯಿಸಬಾರದು.

ಹಾರಿಹೋಗುವುದು ಬೇರೆ, ಕೆಡುವುದು ಬೇರೆ

ಪರಿಮಳ ನಷ್ಟಕ್ಕೆಲ್ಲ ಬಿಸಿಯೇ ಕಾರಣವೆಂಬ ನಂಬಿಕೆ ತಯಾರಿಕಾ ವಿಭಾಗಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಇದಕ್ಕೆ ಚಿಂಗ್‌ಹಾವೊ ಗಿಡದ ಪ್ರಸಿದ್ಧ ಕಥೆಯೂ ಒಂದು ಕಾರಣವಿರಬಹುದು. ಅದನ್ನು ಕುದಿಸದೆ ನೀರಿನಲ್ಲಿ ನೆನೆಸಿ ಹಿಂಡಬೇಕೆಂಬ ಚೀನೀ ವೈದ್ಯ ಗೆ ಹಾಂಗ್‌ನ ಪ್ರಾಚೀನ ಸೂಚನೆಯಿಂದ ಪ್ರೇರಣೆ ಪಡೆದು ಚೀನೀ ವಿಜ್ಞಾನಿ ತು ಯೂಯೂ 1971ರಲ್ಲಿ ಸುಮಾರು 35 ಡಿಗ್ರಿಗೇ ಕುದಿಯುವ ಈಥರ್‌ನಿಂದ ಸಾರ ತೆಗೆದರು. ಮಲೇರಿಯಾ ವಿರುದ್ಧದ ಆ ಕೆಲಸಕ್ಕೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆದರೆ ಆ ಗಿಡದಿಂದ ಸಿಕ್ಕ ಮದ್ದಾದ ಆರ್ಟೆಮಿಸಿನಿನ್ ಸುಲಭವಾಗಿ ಆವಿಯಾಗುವ ವಸ್ತುವಲ್ಲ. ಅದರ ಅಣುವಿನಲ್ಲಿರುವ ಪೆರಾಕ್ಸೈಡ್ ಸೇತುವೆ ಬಿಸಿಗೆ ಮುರಿಯುತ್ತದೆ, ಹಾಗಾಗಿ ಅಲ್ಲಿ ತಾಪ ತಗ್ಗಿಸಿದ್ದು ಸರಿಯಾದ ಮದ್ದು. ಮೆಂಥಾಲ್‌ನ ಸಮಸ್ಯೆ ಅದಲ್ಲ. ಕಷಾಯದ ಬಿಸಿಗೆ ಮೆಂಥಾಲ್ ಮುರಿಯುವುದಿಲ್ಲ. ತೆರೆದ ದಾರಿ ಸಿಕ್ಕರೆ ಹೊರಟುಹೋಗುತ್ತದೆ.

ಮೆಂಥಾಲ್ ತಾನೊಂದೇ ಕುದಿಯಲು ಸುಮಾರು 212 ಡಿಗ್ರಿ ಬೇಕು, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್‌ಗೆ ಸುಮಾರು 250. ಆದರೂ ಇವು 100 ಡಿಗ್ರಿಯೊಳಗೇ ಹಬೆಯೊಂದಿಗೆ ಏಳುತ್ತವೆ, ಏಕೆಂದರೆ ನೀರು ಮತ್ತು ಅದರಲ್ಲಿ ಬೆರೆಯದ ತೈಲ, ಇವೆರಡರ ಆವಿಯ ಒತ್ತಡಗಳು ಕೂಡಿ ವಾತಾವರಣದ ಒತ್ತಡವನ್ನು ಮುಟ್ಟಿದರೆ ಸಾಕು, ಮಿಶ್ರಣ ಕುದಿಯುತ್ತದೆ. ಅಡುಗೆಮನೆಯ ಘಮ ಬೀದಿಯವರೆಗೆ ಬಂದಿದೆಯೆಂದರೆ ಪಾತ್ರೆಯಲ್ಲಿ ಅಷ್ಟು ಕಡಿಮೆ ಉಳಿದಿದೆ ಎಂದು ತಾನೇ ಅರ್ಥ. ಆದ್ದರಿಂದ ದೋಷ ಹುಡುಕುವವರು ಪ್ರತಿ ಹಂತದಲ್ಲೂ ಕೇಳಬೇಕಾದ ಮುಖ್ಯ ಪ್ರಶ್ನೆ, ಇಲ್ಲಿಂದ ಆವಿ ಎಲ್ಲಿಗೆ ಹೋಗುತ್ತದೆ ಎಂಬುದು. ಎಷ್ಟು ಬಿಸಿಯಿತ್ತು ಎಂಬುದನ್ನು ಆಮೇಲೆ ಕೇಳಿದರೆ ಸಾಕು.

ತೈಲದ ಲೆಕ್ಕಪುಸ್ತಕ

ಚೀನಾದ ಔಷಧ ಸಂಹಿತೆಯ ಪ್ರಕಾರ ಬೋಹೆಯಲ್ಲಿ 100 ಗ್ರಾಂಗೆ ಕನಿಷ್ಠ 0.80 ಮಿಲಿಲೀಟರ್ ತೈಲವಿರಬೇಕು. ಹಾಗಾದರೆ 100 ಕಿಲೋ ಮೂಲಿಕೆ ಒಳಗೆ ಹೋದಾಗ ಲೆಕ್ಕದ ಮೊದಲ ಸಾಲಿನಲ್ಲಿ 800 ಮಿಲಿಲೀಟರ್ ಇರಬೇಕು. ಮುಂದೆ ಬಟ್ಟಿಯಲ್ಲಿ ಹಿಡಿದ ತೈಲ, ತೈಲದೊಂದಿಗೆ ಬಟ್ಟಿಯಿಂದ ಇಳಿಯುವ ಪರಿಮಳ ನೀರಿನಲ್ಲಿ ಉಳಿದದ್ದು, ಗಸಿಯಲ್ಲಿ ಉಳಿದದ್ದು, ಸಾಂದ್ರೀಕರಣ ಯಂತ್ರದ ಕಂಡೆನ್ಸರ್ (ಆವಿಯನ್ನು ತಣಿಸಿ ದ್ರವವಾಗಿಸುವ ಭಾಗ) ನೀರಿನಲ್ಲಿ ಹೋದದ್ದು, ಒಣಗಿದ ಪುಡಿಯಲ್ಲಿ ಇರುವುದು, ಇಷ್ಟನ್ನೂ ಒಂದೇ ಬ್ಯಾಚಿನಿಂದ ಅಳೆದು ಬರೆಯಬೇಕು. ಅಂತಿಮ ಗ್ರಾನ್ಯೂಲನ್ನು ಮಾತ್ರ ಪರೀಕ್ಷಿಸಿ ಕಾರಣ ಊಹಿಸುವುದು ವ್ಯರ್ಥ. ಎಲ್ಲ ಹಂತಗಳ ನಷ್ಟವೂ ಅಲ್ಲಿ ಒಂದೇ ಸಂಖ್ಯೆಯಾಗಿ ಕಾಣುತ್ತದೆ, ಮತ್ತು ಅಂಥ ಸಂಖ್ಯೆಯನ್ನು ನೋಡಿದವರಿಗೆ ಮೊದಲು ಹೊಳೆಯುವುದು ಕೊನೆಯಲ್ಲಿ ಒಂದಿಷ್ಟು ತೈಲ ಸುರಿದುಬಿಡುವ ಉಪಾಯ. ಅದು ದೋಷವನ್ನು ಮುಚ್ಚುತ್ತದೆಯೇ ಹೊರತು ನಿವಾರಿಸುವುದಿಲ್ಲ.

ಅಳತೆಯಲ್ಲೇ ದೋಷವಿರುವುದೂ ಉಂಟು. ಲವಂಗ ಮತ್ತು ದಾಲ್ಚಿನ್ನಿ ತೊಗಟೆಯ ತೈಲಗಳು ನೀರಿಗಿಂತ ಭಾರ. ಅವನ್ನು ಹಗುರ ತೈಲಕ್ಕೆಂದು ಇರುವ ವಿಧಾನದಲ್ಲಿ ಅಳೆದರೆ ತೈಲ ಕೆಳಗಿಳಿದು ಅಳತೆಯ ಕೊಳವೆಯಲ್ಲಿ ನಿಲ್ಲುವುದೇ ಇಲ್ಲ. ಇಂಥವುಗಳಿಗೆ ಸಂಹಿತೆಯಲ್ಲೇ ಬೇರೆ ವಿಧಾನವಿದೆ: ಕೊಳವೆಗೆ ಮೊದಲೇ ಸ್ವಲ್ಪ ಕ್ಸೈಲೀನ್ ಸೇರಿಸಿ, ತೈಲವನ್ನು ಅದರಲ್ಲಿ ಕರಗಿಸಿ ಮೇಲೆ ತೇಲುವಂತೆ ಮಾಡುತ್ತಾರೆ.

ಕಚ್ಚಾ ಮೂಲಿಕೆ

ಬೋಹೆಯ ತೈಲ ಎಲೆಯ ಮೇಲ್ಮೈಯ ಸಣ್ಣ ಗ್ರಂಥಿಗಳಲ್ಲಿರುತ್ತದೆ, ಕಾಂಡದಲ್ಲಿ ಅತ್ಯಲ್ಪ. ಸರಕಿನಲ್ಲಿ ಎಲೆಯ ಪಾಲು ಶೇ. 30ಕ್ಕಿಂತ ಕಡಿಮೆ ಇರಬಾರದೆಂಬ ನಿಯಮ ಇದಕ್ಕಾಗಿಯೇ ಇದೆ. ಕಾಂಡವೇ ಹೆಚ್ಚಿರುವ ಮೂಟೆಯಿಂದ ಯಾವ ಯಂತ್ರವೂ ಪರಿಮಳ ತೆಗೆಯಲಾರದು. ಒಣಗಿಸುವಾಗ ಕಡಿಮೆ ತಾಪ ಎಂದು ಸಂಹಿತೆ ಹೇಳಿದರೆ ಸಾಮಾನ್ಯವಾಗಿ 60 ಡಿಗ್ರಿ ಮೀರಬಾರದು ಎಂದು ಅರ್ಥ. ಶಾರೆನ್‌ನಂಥ ಬೀಜಗಳನ್ನು ಬಳಸುವ ಹೊತ್ತಿಗೆ ಮಾತ್ರ ಜಜ್ಜಬೇಕು. ಮುಂಚೆಯೇ ಪುಡಿ ಮಾಡಿ ಗೋದಾಮಿನಲ್ಲಿಟ್ಟರೆ ಶೇ. 3.0ರ ತೈಲದ ಮಿತಿಯನ್ನು ದಾಟಿ ಬಂದ ಸರಕೂ ಕೆಲವೇ ವಾರಗಳಲ್ಲಿ ಸಪ್ಪೆಯಾಗುತ್ತದೆ. ಗಂಧಕದ ಹೊಗೆ ಹಾಕಿದ ಸರಕನ್ನು ದೂರವಿಡಬೇಕು.

ಬಟ್ಟಿಯ ಹಂತ

ನನ್ನ ಅಭಿಪ್ರಾಯದಲ್ಲಿ ಸುಗಂಧ ಮೂಲಿಕೆಯನ್ನು ಆಧುನಿಕಗೊಳಿಸುವಾಗ ಸರಿಯಾದ ಕ್ರಮವೆಂದರೆ ಮೊದಲು ಹಬೆಯಿಂದ ತೈಲ ಹಿಡಿಯುವುದು, ಉಳಿದ ಗಸಿ ಮತ್ತು ನೀರಿನಿಂದ ಸಾರ ತೆಗೆಯುವುದು, ಬಿಸಿಯ ಹಂತಗಳೆಲ್ಲ ಮುಗಿದ ಮೇಲೆ ಎರಡನ್ನೂ ಕೂಡಿಸುವುದು. ಚೀನಾದಲ್ಲಿ ಬೇಸಿಗೆಯ ಹೊಟ್ಟೆ ಕೆಡುಕಿಗೆ ಮನೆಮನೆಯಲ್ಲಿ ಬಳಸುವ ಹುವೊಶಿಯಾಂಗ್ ಝೆಂಗ್‌ಚಿ ದ್ರವ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಪಚ್ಚೆತೆನೆ ಮತ್ತು ಪೆರಿಲ್ಲಾ ಎಲೆಯ ಅಂಶಗಳನ್ನು ಕುದಿಸುವುದೇ ಇಲ್ಲ, ಅವುಗಳ ತೈಲಗಳನ್ನೇ ಮದ್ಯಸಾರದಲ್ಲಿ ಕರಗಿಸಿ ಸೇರಿಸುತ್ತಾರೆ.

ಬಟ್ಟಿಯಲ್ಲಿ ತೈಲ ಕಡಿಮೆ ಬಂದರೆ ತೈಲ ಬೇರ್ಪಡಿಸುವ ಪಾತ್ರೆಯ ಮುಂದೆ ನಿಂತು ನೋಡಬೇಕು. ಬೋಹೆಯ ತೈಲದ ಸಾಪೇಕ್ಷ ಸಾಂದ್ರತೆ ಸುಮಾರು 0.9, ಆದ್ದರಿಂದ ಅದು ನೀರಿನ ಮೇಲೆ ಸ್ಪಷ್ಟ ಪದರವಾಗಿ ನಿಲ್ಲುತ್ತದೆ. ಪಚ್ಚೆತೆನೆಯ ತೈಲ ಸುಮಾರು 0.95ರಿಂದ 0.98ರಷ್ಟಿದ್ದು ನೀರಿಗೆ ಬಹಳ ಸಮೀಪ. ಕಂಡೆನ್ಸರ್ ನೀರು ಸ್ವಲ್ಪ ರಭಸವಾಗಿ ಬಿದ್ದರೂ ತೈಲ ಹನಿಹನಿಯಾಗಿ ಒಡೆದು ಮೇಲಕ್ಕೂ ಏಳದೆ ಕೆಳಕ್ಕೂ ಇಳಿಯದೆ ಹಾಲಿನಂತೆ ಕದಡಿ ಹೊರಹೋಗುತ್ತದೆ. ದಾಲ್ಚಿನ್ನಿ ಮತ್ತು ಲವಂಗದ ತೈಲಗಳಂತೂ ತಳಕ್ಕೆ ಇಳಿಯುತ್ತವೆ. ಹಗುರ ತೈಲಕ್ಕೆಂದು ತಳದಿಂದ ನೀರು ಬಿಡುವ ಪಾತ್ರೆಯನ್ನೇ ಅವಕ್ಕೂ ಬಳಸಿದರೆ ಬೆಲೆಬಾಳುವ ಭಾಗವೇ ಮೊದಲು ಚರಂಡಿ ಸೇರುತ್ತದೆ. ಹೊರಹೋಗುವ ನೀರನ್ನು ಗಾಜಿನ ಪಾತ್ರೆಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ಮಸುಕಾಗಿದ್ದರೆ ಅದಕ್ಕೆ ಅಡುಗೆ ಉಪ್ಪು ಕರಗಿಸಿ ತಣ್ಣಗೆ ಇಡಿ. ಕೆಲ ಹೊತ್ತಿನ ಮೇಲೆ ಎಣ್ಣೆಯ ಪದರವೋ ಕಣ್ಣುಗಳೋ ಕಂಡರೆ ದೋಷ ಇಲ್ಲಿಯೇ ಇದೆ. ದಾಲ್ಚಿನ್ನಿ ರೆಂಬೆಯಂಥ ತೈಲ ಕಡಿಮೆಯಿರುವ ಮೂಲಿಕೆಗಳಲ್ಲಿ ತೈಲ ಬೇರೆಯಾಗದೆ ಇಡೀ ಪರಿಮಳ ನೀರಿನಲ್ಲೇ ಉಳಿಯುವುದು ಸಹಜ. ಆ ನೀರನ್ನು ಚೆಲ್ಲದೆ ಮತ್ತೆ ಬಟ್ಟಿಗೆ ಹಾಕಿ, ಮೊದಲು ಬರುವ ಸ್ವಲ್ಪ ಭಾಗವನ್ನು ಮಾತ್ರ ಹಿಡಿದಿಟ್ಟುಕೊಳ್ಳಬೇಕು.

ಸಮಯದ ವಿಷಯದಲ್ಲಿ ಎರಡು ಕಡೆಗೂ ತಪ್ಪಾಗುತ್ತದೆ. ಹಗುರ ಘಟಕಗಳು ಬೇಗ ಬರುತ್ತವೆ, ಪಚ್ಚೆತೆನೆಯ ಮುಖ್ಯ ಘಟಕವಾದ ಪಚೋಲಿ ಆಲ್ಕೊಹಾಲ್‌ನಂಥ ಭಾರದವು ತಡವಾಗಿ ಬರುತ್ತವೆ. ಮೊದಲ ಗಂಟೆಯಲ್ಲಿ ಬಂದ ತೈಲ ನೋಡಿ ತೃಪ್ತಿಪಟ್ಟು ನಿಲ್ಲಿಸಿದರೆ ಪರಿಮಳದ ತಲೆ ಸಿಕ್ಕಿ ಬುಡ ಗಸಿಯಲ್ಲೇ ಉಳಿಯುತ್ತದೆ. ಚೀನಾದ ಸಂಹಿತೆಯಲ್ಲಿ ತಾನ್‌ಶಿಯಾಂಗ್ ಎಂಬ ಹೆಸರಿನಲ್ಲಿರುವುದು ನಮ್ಮ ಕಾಡಿನ ಶ್ರೀಗಂಧವೇ. ಒಂದನೇ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ತೈಲ ಕಾರ್ಖಾನೆಯ ಪರಂಪರೆಯಲ್ಲಿ ಕೆಲಸ ಮಾಡಿದವರಿಗೆ, ಗಂಧದ ತೈಲದ ಮುಖ್ಯ ಘಟಕವಾದ ಸ್ಯಾಂಟಲಾಲ್ ಹೊರಬರಲು ಬಟ್ಟಿಯನ್ನು ಗಂಟೆಗಳ ಲೆಕ್ಕದಲ್ಲಿ ಅಲ್ಲ, ದಿನಗಳ ಲೆಕ್ಕದಲ್ಲಿ ನಡೆಸಬೇಕೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಶಾರೆನ್‌ನಲ್ಲಿ ಮಾತ್ರ ಇದಕ್ಕೆ ವಿರುದ್ಧ: ಅತಿ ದೀರ್ಘವಾಗಿ ಕುದಿಸಿದರೆ ಅದರ ಬಾರ್ನಿಲ್ ಅಸಿಟೇಟ್ ನೀರಿನೊಂದಿಗೆ ವರ್ತಿಸಿ ಬಾರ್ನಿಯಾಲ್ ಆಗಿ ಒಡೆಯತೊಡಗುತ್ತದೆ. ಬಾರ್ನಿಯಾಲ್ ಏರುತ್ತಾ ಅಸಿಟೇಟ್ ಇಳಿಯುತ್ತಾ ಹೋಗುವುದನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಮ್‌ನಲ್ಲಿ (ಆವಿಯಾಗುವ ಘಟಕಗಳನ್ನು ಬಿಡಿಸಿ ಅಳೆಯುವ ಪರೀಕ್ಷೆಯ ನಕ್ಷೆಯಲ್ಲಿ) ಕಂಡರೆ ಅವಧಿಯನ್ನು ಮೊಟಕುಗೊಳಿಸಬೇಕು.

ನಿರ್ವಾತದಲ್ಲಿ ಸಾಂದ್ರೀಕರಣ

ಹೆಚ್ಚಿನ ದೂರುಗಳ ಮೂಲ ಇಲ್ಲಿ ಸಿಗುತ್ತದೆ, ಏಕೆಂದರೆ ಇಲ್ಲಿ ಯಾರಿಗೂ ಸಂಶಯ ಬರುವುದಿಲ್ಲ. 60 ಡಿಗ್ರಿಯಲ್ಲಿ ಕುದಿಸುತ್ತಿದ್ದೇವೆ, ಪರಿಮಳ ಸುರಕ್ಷಿತ ಎಂದು ದಾಖಲೆಯಲ್ಲಿ ಬರೆದಿರುತ್ತಾರೆ. ನಿರ್ವಾತವು ನೀರನ್ನು ಕಡಿಮೆ ತಾಪದಲ್ಲಿ ಕುದಿಸುತ್ತದೆ ನಿಜ, ಆದರೆ ಆವಿಯನ್ನು ನಿರಂತರವಾಗಿ ಎಳೆದು ಕಂಡೆನ್ಸರ್‌ಗೂ ಪಂಪಿಗೂ ಸಾಗಿಸುವುದೇ ಅದರ ಕೆಲಸ. ತಿಳಿ ಕಷಾಯದಲ್ಲಿ ಕರಗಿರುವ ಸುಗಂಧದ ಅಣುಗಳಿಗೆ ನೀರಿನೊಂದಿಗೆ ನಂಟು ಕಡಿಮೆ. ನೀರಿನ ಸ್ವಲ್ಪ ಭಾಗ ಆವಿಯಾಗುವಷ್ಟರಲ್ಲೇ ಅವುಗಳಲ್ಲಿ ಬಹುಪಾಲು ಹೊರಟಿರುತ್ತವೆ. ಹಣ್ಣಿನ ರಸದ ಉದ್ಯಮದಲ್ಲಿ ರಸದ ಮೊದಲ ಆವಿಯನ್ನೇ ಪ್ರತ್ಯೇಕವಾಗಿ ಹಿಡಿದು ಪರಿಮಳ ಮರಳಿ ಪಡೆಯುವುದು ಇದೇ ತತ್ವದ ಮೇಲೆ. ಕಂಡೆನ್ಸರ್‌ನಿಂದ ಇಳಿಯುವ ಮೊದಲ ನೀರನ್ನು ಹಿಡಿದು ಮೂಸಿ ನೋಡಿ, ಅದೇ ಮಾದರಿಯನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿಗೂ ಕಳುಹಿಸಿ. ಬೋಹೆಯ ಬ್ಯಾಚಿನಲ್ಲಿ ಆ ನೀರು ಕಣ್ಣಿಗೆ ತಂಪು ತಟ್ಟುವಷ್ಟು ಘಮ್ಮೆನ್ನುತ್ತಿದ್ದರೆ ತಾಪವನ್ನು ಇನ್ನೂ ಇಳಿಸಿ ಪ್ರಯೋಜನವಿಲ್ಲ. ತೈಲವನ್ನು ಈ ಹಂತಕ್ಕೆ ಮುನ್ನವೇ ತೆಗೆಯಬೇಕಿತ್ತು, ಇಲ್ಲವೇ ಈ ಮೊದಲ ನೀರನ್ನು ಹಿಡಿದಿಡಬೇಕು.

ಮದ್ಯಸಾರ ಬೆರೆಸಿ ಗಸಿ ಇಳಿಸುವ ಕಾರ್ಖಾನೆಗಳಲ್ಲಿ ಇನ್ನೊಂದು ಕುರುಹು ಸಿಗುತ್ತದೆ. ಮರಳಿ ಪಡೆದ ಮದ್ಯಸಾರವೇ ಮೂಲಿಕೆಯ ವಾಸನೆ ಬೀರುತ್ತಿದ್ದರೆ ಪರಿಮಳ ಅದರೊಂದಿಗೆ ಹೋಗಿದೆ. ಅದೇ ಮದ್ಯಸಾರವನ್ನು ಬೇರೆ ಮೂಲಿಕೆಗೆ ಬಳಸಿದರೆ ಎರಡನೆಯ ದೋಷವೂ ಹುಟ್ಟುತ್ತದೆ.

ಸೈಕ್ಲೋಡೆಕ್ಸ್ಟ್ರಿನ್‌ನಲ್ಲಿ ಬಂಧಿಸುವಾಗ

ಹಿಡಿದ ತೈಲವನ್ನು ಒಣ ಪುಡಿಯಾಗಿಸಲು ಬೀಟಾ ಸೈಕ್ಲೋಡೆಕ್ಸ್ಟ್ರಿನ್ ಬಳಸುವುದು ರೂಢಿ. ಏಳು ಗ್ಲೂಕೋಸ್ ಘಟಕಗಳ ಈ ಉಂಗುರದ ಒಳಗೆ ಒಂದು ಸಣ್ಣ ಸುಗಂಧ ಅಣು ಕೂರುತ್ತದೆ. ಅದರ ಅಣುತೂಕ 1135, ಮೆಂಥಾಲ್‌ನದು 156. ಒಂದು ಉಂಗುರಕ್ಕೆ ಒಂದು ಅಣು ಎಂದು ಲೆಕ್ಕ ಹಾಕಿದರೆ 1 ಗ್ರಾಂ ಮೆಂಥಾಲ್‌ಗೆ ಸುಮಾರು 7.3 ಗ್ರಾಂ ಬೇಕು. ತಯಾರಕರು ಸಾಮಾನ್ಯವಾಗಿ 1ಕ್ಕೆ 6ರಿಂದ 8ರ ಪ್ರಮಾಣ ಇಡುವುದಕ್ಕೆ ಇದೇ ಆಧಾರ. ಪೊಟ್ಟಣದ ಗಾತ್ರ ತಗ್ಗಿಸಲು 1ಕ್ಕೆ 3ರಷ್ಟು ಹಾಕಿದವರ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಉಂಗುರದ ಹೊರಗೇ, ಪುಡಿಯ ಮೈಮೇಲೆ ಅಂಟಿಕೊಂಡಿರುತ್ತದೆ. ಹೊಸ ಪೊಟ್ಟಣದಲ್ಲಿ ಅದು ತುಂಬಾ ಘಮಿಸುತ್ತದೆ, ಕೆಲವೇ ವಾರಗಳಲ್ಲಿ ಸಪ್ಪೆಯಾಗುತ್ತದೆ. ತೆರೆದ ಕೂಡಲೇ ಅತಿಯಾಗಿ ಘಮಿಸುವ ಪುಡಿಯನ್ನು ಉತ್ತಮವೆಂದು ಮೆಚ್ಚಬಾರದು. ಚೆನ್ನಾಗಿ ಬಂಧಿತವಾದ ಪುಡಿ ಒಣಗಿದ್ದಾಗ ಸೌಮ್ಯವಾಗಿರುತ್ತದೆ, ಬಿಸಿನೀರು ಬಿದ್ದಾಗ ಬಿಚ್ಚಿಕೊಳ್ಳುತ್ತದೆ.

ಪರೀಕ್ಷೆ ಸರಳ. ಪುಡಿಯ ಒಂದು ಭಾಗವನ್ನು ಹಾಗೆಯೇ ನೀರಿನಲ್ಲಿ ಕುದಿಸಿ ಬಟ್ಟಿ ಇಳಿಸಿ ತೈಲ ಅಳೆಯಿರಿ. ಇನ್ನೊಂದು ಭಾಗವನ್ನು ಪೆಟ್ರೋಲಿಯಂ ಈಥರ್‌ನಿಂದ ಬೇಗನೆ ತೊಳೆದು, ಒಣಗಿಸಿ, ಅದೇ ರೀತಿ ಅಳೆಯಿರಿ. ಎರಡರ ನಡುವಿನ ಅಂತರವೇ ಹೊರಗೆ ಅಂಟಿದ್ದ ತೈಲ. ಬಟ್ಟಿ ಉಪಕರಣವೇ ಸ್ವಲ್ಪ ತೈಲ ನುಂಗುವುದರಿಂದ, ಗೊತ್ತಿರುವ ಪ್ರಮಾಣದ ತೈಲವನ್ನು ಬರೀ ನೀರಿಗೆ ಹಾಕಿ ಎಷ್ಟು ಮರಳುತ್ತದೆ ಎಂಬುದನ್ನೂ ನೋಡಿ ಲೆಕ್ಕ ತಿದ್ದಿಕೊಳ್ಳಬೇಕು. ಬಂಧನ ಕಡಿಮೆಯಿದ್ದರೆ ಪ್ರಮಾಣವನ್ನು ಮೊದಲು ಪರಿಶೀಲಿಸಿ, ನಂತರ ತಣಿಸುವ ವೇಗವನ್ನು. ಬೀಟಾ ಸೈಕ್ಲೋಡೆಕ್ಸ್ಟ್ರಿನ್ 25 ಡಿಗ್ರಿಯಲ್ಲಿ 100 ಮಿಲಿಲೀಟರ್ ನೀರಿಗೆ 1.85 ಗ್ರಾಂ ಮಾತ್ರ ಕರಗುತ್ತದೆ. ಬಿಸಿನೀರಿನಲ್ಲಿ ಕರಗಿಸಿ, ತೈಲ ಸೇರಿಸಿ ಕಲಕುತ್ತಾ ನಿಧಾನವಾಗಿ ತಣಿಸಿದಾಗ ಬಂಧಿತ ಹರಳುಗಳು ಇಳಿಯುತ್ತವೆ. ಈ ಕೆಲಸ ಮುಚ್ಚಿದ ಪಾತ್ರೆಯಲ್ಲೇ ನಡೆಯಬೇಕು.

ಒಣಗಿಸುವಾಗ ಸಿಕ್ಕಿಕೊಳ್ಳುವ ಸುಳಿ

ದ್ರವವನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವ ಸ್ಪ್ರೇ ಡ್ರೈಯರ್‌ನಲ್ಲಿ ಹನಿಯ ಮೇಲ್ಮೈ ಬೇಗ ಗಟ್ಟಿಯಾದರೆ ನೀರು ಆ ಸಿಪ್ಪೆಯ ಮೂಲಕ ಹೊರಬರುತ್ತದೆ, ದೊಡ್ಡ ಸುಗಂಧ ಅಣು ಒಳಗೇ ಉಳಿಯುತ್ತದೆ. ತೆಳು ದ್ರವವನ್ನು ಸಿಂಪಡಿಸಿದರೆ ಸಿಪ್ಪೆ ಕಟ್ಟುವ ಮುನ್ನವೇ ಪರಿಮಳ ಹೋಗುತ್ತದೆ. ಆದ್ದರಿಂದ ನಷ್ಟ ಕಂಡಾಗ ಒಳಬರುವ ಗಾಳಿಯ ತಾಪ ಇಳಿಸುವ ಮೊದಲು ದ್ರವದ ಘನಾಂಶವನ್ನು ಏರಿಸಿ ನೋಡಬೇಕು.

ತೇವಾಂಶದ ಪರೀಕ್ಷೆಯಿಂದ ಹುಟ್ಟುವ ದೋಷ ಇನ್ನೂ ಸೂಕ್ಷ್ಮ. ಸುಗಂಧ ತೈಲವಿರುವ ಪುಡಿಯನ್ನು 105 ಡಿಗ್ರಿಯ ಒಲೆಯಲ್ಲಿಟ್ಟು ತೂಕದ ಇಳಿಕೆಯನ್ನೆಲ್ಲ ನೀರೆಂದು ಬರೆದರೆ, ಹಾರಿದ ತೈಲವೂ ತೇವಾಂಶದ ಲೆಕ್ಕಕ್ಕೆ ಸೇರುತ್ತದೆ. ತೇವಾಂಶ ಜಾಸ್ತಿ ಎಂದು ಕಾಣುತ್ತದೆ, ಬ್ಯಾಚನ್ನು ಮತ್ತೆ ಒಣಗಿಸಲು ಕಳುಹಿಸುತ್ತಾರೆ, ಉಳಿದ ತೈಲವೂ ಹೋಗುತ್ತದೆ. ಆಗ ತೇವಾಂಶ ಸರಿಹೋಯಿತೆಂದು ವರದಿ ಬರುತ್ತದೆ. ಪ್ರತಿಯೊಬ್ಬರೂ ನಿಯಮದಂತೆ ನಡೆದುಕೊಂಡಿರುವುದರಿಂದ ಈ ಸುಳಿಯನ್ನು ಯಾರೂ ಗುರುತಿಸುವುದಿಲ್ಲ. ಒಲೆಯ ವಿಧಾನ ತೈಲ ಇಲ್ಲದ ಅಥವಾ ಅತ್ಯಲ್ಪ ಇರುವ ವಸ್ತುಗಳಿಗೆ ಎಂದು ಚೀನಾದ ಸಂಹಿತೆಯಲ್ಲೇ ಇದೆ. ಸುಗಂಧ ಮೂಲಿಕೆಗಳಿಗೆ ಟಾಲ್ವೀನ್‌ನೊಂದಿಗೆ ಬಟ್ಟಿ ಇಳಿಸಿ ನೀರನ್ನು ಮಾತ್ರ ಅಳೆಯುವ ವಿಧಾನವನ್ನು ಬಳಸಬೇಕು. ಪರಿಮಳ ನಷ್ಟದ ದೂರು ಬಂದಾಗ ಆ ಬ್ಯಾಚನ್ನು ಮರು ಒಣಗಿಸಲಾಗಿತ್ತೇ ಎಂಬುದನ್ನು ದಾಖಲೆಯಲ್ಲಿ ಹುಡುಕುವುದು ಮೊದಲ ದಿನದ ಕೆಲಸವಾಗಬೇಕು.

ವಾಸನೆ ಇದೆ, ಆದರೆ ಬದಲಾಗಿದೆ

ತೈಲದ ಪ್ರಮಾಣ ಸರಿಯಿದ್ದು ವಾಸನೆ ಮಾತ್ರ ಹಳಸಲಾಗಿದ್ದರೆ ಗಾಳಿಯ ಆಮ್ಲಜನಕವನ್ನು ಸಂಶಯಿಸಬೇಕು. ಸಿನ್ನಮಾಲ್ಡಿಹೈಡ್ ಸಿನ್ನಮಿಕ್ ಆಮ್ಲವಾಗುತ್ತದೆ, ಡಾಂಗ್‌ಗುಯಿಯ ಲಿಗುಸ್ಟಿಲೈಡ್ ಬೆಳಕು ಮತ್ತು ಗಾಳಿಗೆ ಬೇಗ ಕೆಡುತ್ತದೆ, ಬೈಝು ಎಂಬ ಗೆಡ್ಡೆಯ ಅಟ್ರಾಕ್ಟಿಲೋನ್ ಅಟ್ರಾಕ್ಟಿಲೆನೊಲೈಡ್‌ಗಳಾಗಿ ಮಾರ್ಪಡುತ್ತದೆ. ಬಟ್ಟಿಯ ತೈಲವನ್ನು ಅರ್ಧ ತುಂಬಿದ ಕ್ಯಾನಿನಲ್ಲಿ ವಾರಗಟ್ಟಲೆ ಇಡುವ ಅಭ್ಯಾಸವೇ ಇದಕ್ಕೆ ಸಾಮಾನ್ಯ ಕಾರಣ. ಚಿಕ್ಕ, ಕಪ್ಪು ಬಣ್ಣದ, ಬಾಯಿತನಕ ತುಂಬಿದ, ಸಾರಜನಕ ಹಾಯಿಸಿದ ಪಾತ್ರೆಗಳಲ್ಲಿ ತಣ್ಣಗೆ ಇಡಬೇಕು.

ಪೊಟ್ಟಣ ಮತ್ತು ಲೋಟ

ಕಾರ್ಖಾನೆಯಲ್ಲಿ ಸರಿಯಿದ್ದ ಪರಿಮಳ ಅಂಗಡಿಯಲ್ಲಿ ಇಲ್ಲವಾದರೆ ಪೊಟ್ಟಣವನ್ನೇ ಮೂಸಿ ನೋಡಿ. ಸಾದಾ ಪಾಲಿಥೀನ್ ಹಾಳೆ ಲಿಮೊನೀನ್, ಮೆಂಥಾಲ್‌ಗಳನ್ನು ಹೀರಿಕೊಂಡು ಹೊರಕ್ಕೂ ಬಿಡುತ್ತದೆ. ಅಲ್ಯೂಮಿನಿಯಂ ಪದರವಿರುವ ಹಾಳೆಯೇ ಬೇಕು, ಮೊಹರಿನ ಅಂಚಿನಲ್ಲಿ ಪುಡಿ ಸಿಕ್ಕಿಕೊಂಡು ಸೋರುತ್ತಿಲ್ಲವೇ ಎಂಬುದನ್ನೂ ನೋಡಬೇಕು. ಬಾರ್ನಿಯಾಲ್ ಇರುವ ಗುಳಿಗೆಗಳ ಸೀಸೆಯ ಕತ್ತಿನಲ್ಲಿ ಬಿಳಿಯ ಹರಳುಗಳು ಕಂಡರೆ ಕೂಡಲೇ ಬೂಷ್ಟು ಎಂದು ತೀರ್ಮಾನಿಸಬಾರದು. ಬಾರ್ನಿಯಾಲ್ ಘನರೂಪದಿಂದ ನೇರವಾಗಿ ಆವಿಯಾಗಿ ತಣ್ಣನೆಯ ಗಾಜಿನ ಮೇಲೆ ಮತ್ತೆ ಹರಳುಗಟ್ಟುತ್ತದೆ. ಹರಳನ್ನು ಬೆರಳಿಗೆ ಉಜ್ಜಿದಾಗ ಕರ್ಪೂರದಂಥ ವಾಸನೆ ಬಂದು ಮಾಯವಾದರೆ ಅದು ಬಾರ್ನಿಯಾಲ್. ಗುಳಿಗೆಗಳಲ್ಲಿ ಅಷ್ಟು ಮದ್ದು ಕಡಿಮೆಯಾಗಿದೆ ಎಂದರ್ಥ; ಗೋದಾಮಿನ ತಾಪವನ್ನೂ ಸೀಸೆಯ ಮುಚ್ಚಳವನ್ನೂ ಪರಿಶೀಲಿಸಬೇಕು.

ಕೊನೆಯ ನಷ್ಟ ರೋಗಿಯ ಕೈಯಲ್ಲಿ ಆಗುತ್ತದೆ. ಕುದಿಯುವ ನೀರು ಸುರಿದು ತೆರೆದ ಲೋಟವನ್ನು ಆರಲು ಬಿಟ್ಟರೆ, ಇಷ್ಟು ಹಂತಗಳಲ್ಲಿ ಉಳಿಸಿ ತಂದ ತೈಲ ಕೋಣೆಯ ಗಾಳಿಗೆ ಸೇರುತ್ತದೆ. ಕುದಿದು ಸ್ವಲ್ಪ ಆರಿದ ನೀರನ್ನು ಹಾಕಿ, ತಟ್ಟೆ ಮುಚ್ಚಿ, ಕಲಕುವಷ್ಟು ಹೊತ್ತು ಮಾತ್ರ ತೆರೆದು, ಬೆಚ್ಚಗಿರುವಾಗಲೇ ಕುಡಿಯಬೇಕೆಂದು ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿ. ದೂರು ಕೊಟ್ಟವರ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವಾಗಲೂ ಇದೇ ರೀತಿ ಲೋಟದಲ್ಲಿ ಕರಗಿಸಿ, ಅದೇ ದಿನ ಕೊನೆಯಲ್ಲಿ ಬೋಹೆ ಹಾಕಿ ಕಾಯಿಸಿದ ಮಡಕೆಯ ಕಷಾಯವನ್ನು ಪಕ್ಕದಲ್ಲಿಟ್ಟು, ಎರಡನ್ನೂ ಮೂಸಿ, ಎರಡರ ಮೇಲಿನ ಗಾಳಿಯನ್ನೂ ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ ಹಾಕಿ ನೋಡಬೇಕು.